ದಡ ಮುಟ್ಟಿದ ಮೇಲೆ ಹೇಳುವ ಸುದ್ದಿ

ಶುಲಾವ್ ದಂಡೆ,
ಭಾನುವಾರ, ೧೨ ಅಕ್ಟೋಬರ್ ೧೯೯೭

ಪ್ರೀತಿಯ ವೀಬ್ಕೆ,

ಇದು ಏಳನೇ ಕಾಗದ. ಆರಕ್ಕೆ ಉತ್ತರ ಬರಲಿಲ್ಲವೆಂದು ದೂರುತ್ತಿಲ್ಲ. ಎಣಿಕೆ ತಪ್ಪದಿರಲಿ ಎಂದು ಬರೆದೆ, ಅಷ್ಟೆ.

ಮೊನ್ನೆ ಗುರುವಾರ ಮಧ್ಯಾಹ್ನ ನಿನ್ನ ‘ಮಾರೀಕೆ’ ಹಡಗು ನಮ್ಮ ಮುಂದೆ ಹಾದು ಹ್ಯಾಂಬರ್ಗ್ ಕಡೆ ಹೋಯಿತು. ನಾನು ಯಾವತ್ತಿನ ಹಾಗೆ ನಮಸ್ಕಾರಕ್ಕೆಂದು ಕಂಬದ ಬಾವುಟ ಇಳಿಸಿ ಏರಿಸಿದೆ. ನಿಮ್ಮ ಹಡಗಿನ ಹಿಂತುದಿಯಲ್ಲಿ ಯಾರೋ ಹಳದಿ ಕೋಟಿನವನು ತಿರುಗಿ ಇಳಿಸಿ ಏರಿಸಿದ. ನೀನು ಹೊರಗೆ ಬರಲಿಲ್ಲ. ಬಂದಿದ್ದರೆ ಗೊತ್ತಾಗುತ್ತಿತ್ತು, ದುರ್ಬೀನು ನನ್ನ ಕೈಯಲ್ಲೇ ಇತ್ತು.

ಹಡಗಿನ ಪೈಲಟ್ ಕೆಲಸ ಬಿಟ್ಟ ಮೇಲೆ ಈ ನದಿದಂಡೆಯ ಹೋಟೆಲಿನ ಕೆಲಸವೇ ನನ್ನನ್ನು ಬದುಕಿಸಿದೆ. ಮೂವತ್ತು ವರ್ಷ ಹಡಗುಗಳಿಗೆ ನದಿಯ ದಾರಿ ತೋರಿಸಿದೆ, ಈಗ ಅವಕ್ಕೆ ‘ಬನ್ನಿ’, ‘ಹೋಗಿಬನ್ನಿ’ ಎನ್ನುತ್ತೇನೆ. ಹ್ಯಾಂಬರ್ಗ್ ನೋಡಲು ಬಂದವರು ಎಲ್ಲ ಸುತ್ತಿ ಕಾಲು ಸೋತ ಮೇಲೆ ಇಲ್ಲಿಗೆ ಬಂದು ಸೇಬಿನ ಕೇಕು ತಿನ್ನುತ್ತ ಕೂರುತ್ತಾರೆ. ಹಡಗು ಬಂದಾಗ ಅದರ ದೇಶದ ಗೀತೆಯ ಕ್ಯಾಸೆಟ್ಟು ಹಾಕುತ್ತೇನೆ, ಹಡಗು ಎಷ್ಟುದ್ದ, ಏನು ಹೊತ್ತಿದೆ, ಎಲ್ಲಿಂದ ಬಂತು ಎಂದು ಧ್ವನಿವರ್ಧಕದಲ್ಲಿ ಹೇಳುತ್ತೇನೆ. ಗುರುವಾರ ಒಬ್ಬಳು ಅಜ್ಜಿ ನನ್ನ ಕೋಣೆಯ ಕಿಟಕಿ ತಟ್ಟಿದಳು.

“ಏನ್ರೀ, ಇದೆಲ್ಲ ಹಡಗಿನೋರಿಗೆ ಕೇಳ್ಸುತ್ತಾ?”

“ಕೇಳ್ಸುತ್ತಮ್ಮ. ಕೇಳ್ಸದೆ ಇದ್ರೂ ಅವರಿಗೆ ಗೊತ್ತಾಗುತ್ತೆ.”

“ಅಂದ್ರೆ ಕೇಳ್ಸಲ್ಲ ಅನ್ನಿ,” ಎಂದು ಹೋದಳು. ಹಳೆಯ ತಲೆ, ಮೋಸ ಹೋಗಲಿಲ್ಲ.

ವೀಬ್ಕೆ, ಕಡಲಿನಲ್ಲಿ ಇರುವವರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು, ದಡ ಮುಟ್ಟಿದ ಮೇಲೆ ಹೇಳಬೇಕು ಎಂಬುದು ನಮ್ಮಲ್ಲಿ ಅಜ್ಜನ ಕಾಲದಿಂದ ನಡೆದು ಬಂದದ್ದು. ನಡುನೀರಿನಲ್ಲಿ ಕೇಳಿದವನು ಏನು ಮಾಡಿಯಾನು? ನೀರಿನ ಮೇಲೆ ನಡೆದು ವಾಪಸು ಬರಲಾದೀತೇ? ನನ್ನ ತಮ್ಮ ತೀರಿಕೊಂಡಾಗ ಅಪ್ಪ ಐಸ್‌ಲ್ಯಾಂಡಿನ ಕಡೆ ಮೀನಿಗೆ ಹೋಗಿದ್ದ. ಐದು ವಾರದ ಮೇಲೆ ದಕ್ಕೆಗೆ ಇಳಿದಾಗ ಅಮ್ಮ ಕಪ್ಪು ಬಟ್ಟೆ ತೊಟ್ಟು ನಿಂತಿದ್ದಳು. ಬಾಯಿ ಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಅಪ್ಪ ಯಾರ ಮೇಲೂ ಸಿಟ್ಟಾಗಲಿಲ್ಲ.

ನಿಮ್ಮಮ್ಮನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ. ನನಗೆ ಬೇರೆ ಗೊತ್ತಿರಲಿಲ್ಲ.

ನಿನ್ನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇನೆ.

ನಿನ್ನ ಅಪ್ಪ,
ಹಾರ್ಮ್

* * *

ಸಾಂಟೋಸ್ ಬಂದರು,
೩ ಡಿಸೆಂಬರ್ ೧೯೯೭

ಅಪ್ಪನಿಗೆ,

ಏಳೂ ಕಾಗದ ಬಂದಿವೆ. ಎಲ್ಲದರಲ್ಲೂ ಅಜ್ಜನ ಕಾಲದ ಮಾತು ಬಂದಿದೆ. ಅದಕ್ಕೆ ಒಂದೇ ಉತ್ತರ, ಒಂದೇ ಸಲ ಬರೆಯುತ್ತೇನೆ.

ಮಾರ್ಚ್ ನಾಲ್ಕು, ಮಂಗಳವಾರ, ಸಂಜೆ ನಾಲ್ಕೂಕಾಲು. ಅಮ್ಮ ಕುಸಿದುಬಿದ್ದು ಆಸ್ಪತ್ರೆ ಸೇರಿ ಆಗಲೇ ಮೂರು ಗಂಟೆಯಾಗಿತ್ತು. ನಮ್ಮ ಹಡಗು ಹೊರಟಿತ್ತು. ನಿನ್ನ ಬಾವುಟ ಇಳಿಯಿತು, ಏರಿತು. ನೀನು ಟೋಪಿ ತೆಗೆದು ಬೀಸಿದೆ. ನಾನು ಪ್ರತಿಸಲದ ಹಾಗೆ ಹಡಗಿನ ಮೇಲಟ್ಟದ ಅಂಚಿಗೆ ಬಂದು ಕುಣಿದೆ. ನೀನು ಹೇಳಿಕೊಟ್ಟ ಕೋತಿಕುಣಿತ. ಕೇಕು ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರು.

ಅಪ್ಪ, ನಾನು ಕಡಲಿನಲ್ಲಿ ಇರಲಿಲ್ಲ, ನದಿಯಲ್ಲಿದ್ದೆ, ನಿನ್ನಿಂದ ಮುನ್ನೂರು ಮೀಟರ್ ದೂರದಲ್ಲಿ. ನಿನ್ನ ಕೈಯಲ್ಲಿ ಊರಿಗೆಲ್ಲ ಕೇಳಿಸುವ ಧ್ವನಿವರ್ಧಕ ಇತ್ತು. ನಮ್ಮ ಪೈಲಟ್ ನಿನ್ನ ಶಿಷ್ಯ. ನದಿಯ ಬಾಯಲ್ಲಿ ಅವನು ಹಡಗು ಬಿಟ್ಟು ದಡಕ್ಕೆ ಮರಳುವ ದೋಣಿಯಲ್ಲೇ ನಾನೂ ಇಳಿದುಬಿಡಬಹುದಿತ್ತು. ಅಮ್ಮ ಇನ್ನೂ ಮೂರು ದಿನ ಬದುಕಿದ್ದಳು.

ಇದೇ ಊರಿನ ಹಡಗು ಕಂಪನಿಯ ಏಜೆಂಟ್ ಮೂರು ವಾರದ ಮೇಲೆ ನಿನ್ನ ಕಾಗದ ನನ್ನ ಕೈಗಿಟ್ಟಾಗ ಮಣ್ಣೂ ಮುಗಿದಿತ್ತು. ನನಗೆ ಅಮ್ಮನ ಮುಖ ನೆನಪಾಗುವುದಿಲ್ಲ. ಕುಣಿದದ್ದು ನೆನಪಾಗುತ್ತದೆ.

ಜೂನ್‌ನಿಂದ ಪೆಸಿಫಿಕ್‌ನಲ್ಲೇ ಓಡಾಡುವ ಹಡಗಿಗೆ ವರ್ಗ ಕೇಳಿದ್ದೇನೆ. ಸಿಕ್ಕರೆ ಆ ನದಿಗೆ ಮತ್ತೆ ಬರುವುದಿಲ್ಲ.

ವೀಬ್ಕೆ

* * *

ಶುಲಾವ್,
೬ ಜನವರಿ ೧೯೯೮

ವೀಬ್ಕೆ,

ನಿನ್ನ ಕಾಗದ ಬಂತು. ನಾಲ್ಕು ಸಲ ಉತ್ತರ ಬರೆದೆ, ನಾಲ್ಕೂ ಒಲೆಗೆ ಹೋದವು. ನದಿಯ ಅಂಚು ಹೆಪ್ಪುಗಟ್ಟಿದೆ.

ನೀನು ಹೇಳಿದ್ದು ನಿಜ. ಅದು ನದಿಯೇ.

ಹಾರ್ಮ್

* * *

ವಾಲ್ಪರೈಸೊ,
೧೫ ಏಪ್ರಿಲ್ ೧೯೯೮

ಅಪ್ಪನಿಗೆ,

ಒಂದು ಉಪಕಾರ ಆಗಬೇಕು. ನನಗಲ್ಲ, ನಮ್ಮ ಅಡುಗೆಯವನು ಅಮದೇವುಗೆ. ಪೋರ್ಚುಗಲ್ಲಿನ ವಿಯಾನ ಊರಿನವನು. ಸಾಂಟೋಸ್‌ನಲ್ಲಿ ಆ ಕಾಗದ ಓದಿದ ಮೇಲೆ ಹನ್ನೊಂದು ದಿನ ನಾನು ಊಟಕ್ಕೆ ಹೋಗಲಿಲ್ಲ. ಹನ್ನೊಂದು ದಿನವೂ ಸಾರಿನ ಬಟ್ಟಲು ಹಿಡಿದು ನನ್ನ ಬಾಗಿಲ ಹೊರಗೆ ಕೂತಿದ್ದವನು ಇವನು. ಒಳಗೆ ಬರುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ. ಹೊರಗೆ ಕೂತು ತನ್ನ ಹೆಂಡತಿಯನ್ನು ಬೈಯುತ್ತಿದ್ದ. ಬೈಗುಳ ಕೇಳಿ ಕೇಳಿ ಒಂದು ದಿನ ನಗು ಬಂತು. ಬಾಗಿಲು ತೆಗೆದೆ.

ಆ ಹೆಂಡತಿ ಲುರ್ದೆಸ್ ಮೇ ಹದಿಮೂರಕ್ಕೆ ಹ್ಯಾಂಬರ್ಗ್‌ಗೆ ಬರುತ್ತಾಳೆ. ನಾವು ಶನಿವಾರ ಹದಿನಾರಕ್ಕೆ ಬರುತ್ತೇವೆ. ವಯಸ್ಸಿನಲ್ಲಿ ನಮ್ಮ ನದಿಯ ಬಾಯಲ್ಲಿರುವ ಕುಕ್ಸ್‌ಹಾವೆನ್ನಿನ ಮೀನಿನ ಕಾರ್ಖಾನೆಯಲ್ಲಿ ದುಡಿದವಳು, ನಮ್ಮ ಭಾಷೆ ಬರುತ್ತದೆ. ನಾಲ್ಕು ವರ್ಷ ಅಲ್ಲಿ ಮೀನಿನ ತಲೆ ಕತ್ತರಿಸಿದಳಂತೆ, ಹ್ಯಾಂಬರ್ಗ್ ಒಂದು ದಿನವೂ ನೋಡಲಿಲ್ಲವಂತೆ. ನನ್ನ ಕೋಣೆಯಲ್ಲಿ ಮಲಗಲಿ. ಊರು ತೋರಿಸು.

ವೀಬ್ಕೆ

* * *

ಶುಲಾವ್,
೨ ಮೇ ೧೯೯೮

ಪ್ರೀತಿಯ ವೀಬ್ಕೆ,

ಆಗಲಿ. ಕೋಣೆ ಗುಡಿಸಿದೆ. ಏನೇನು ತೋರಿಸಬೇಕೆಂದು ಯೋಚಿಸಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮಿಖೇಲ್ ಚರ್ಚಿನ ಗೋಪುರದಲ್ಲಿ ಕಹಳೆಯವನು ನಾಲ್ಕು ದಿಕ್ಕಿಗೂ ಊದುತ್ತಾನಲ್ಲ, ಅದು. ಆಮೇಲೆ ಬಂದರು ಸುತ್ತುವ ಸಣ್ಣ ದೋಣಿ. ಹಳೆಯ ಉಗ್ರಾಣಗಳ ಕಾಲುವೆ. ಬನ್ನಿನಲ್ಲಿ ಸಿಕ್ಕಿಸಿದ ಉಪ್ಪುಮೀನು. ನದಿಯ ಅಡಿಯ ಸುರಂಗ. ಶನಿವಾರ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸುತ್ತೇನೆ, ಗಂಡನ ಹಡಗಿಗೆ ಅವಳೇ ಬಾವುಟ ಇಳಿಸಲಿ. ಭಾನುವಾರ ಇಬ್ಬರೂ ಮೀನುಸಂತೆಗೆ ಹೋಗಲಿ. ಹಾವುಮೀನು ಮಾರುವವನ ಬೈಗುಳ ಅವಳಿಗೆ ಹಿಡಿಸಬಹುದು, ಮನೆಯ ಅಭ್ಯಾಸ.

ನೀನು ಶನಿವಾರ ಹೊರಗೆ ಬಂದು ನಿಲ್ಲಬೇಕೆಂದು ಕೇಳುತ್ತಿಲ್ಲ.

ಹಾರ್ಮ್

* * *

[ಹಡಗಿನಿಂದ ಕಂಪನಿಯ ಕಚೇರಿಗೆ, ಅಲ್ಲಿಂದ ಹೋಟೆಲಿನ ಫ್ಯಾಕ್ಸಿಗೆ]
ಗುರುವಾರ, ೧೪ ಮೇ ೧೯೯೮

ಅಪ್ಪ,

ಇದನ್ನು ಅವಳ ಮುಂದೆ ಓದಬೇಡ.

ಇವತ್ತು ಬೆಳಿಗ್ಗೆ ಅಮದೇವು ಹೋಗಿಬಿಟ್ಟ. ಬ್ರೆಡ್ಡು ಸೀದ ವಾಸನೆ ಬಂತು, ಹೋಗಿ ನೋಡಿದೆವು. ಒಲೆಯ ಮುಂದೆ ಬಿದ್ದಿದ್ದ. ಹೃದಯ ನಿಂತಿತ್ತು. ನಲವತ್ತು ನಿಮಿಷ ನಾನೇ ಎದೆ ಒತ್ತಿದೆ. ಅವನನ್ನು ಅವನದೇ ತಣ್ಣನೆಯ ಉಗ್ರಾಣದಲ್ಲಿ ಮಲಗಿಸಿದ್ದೇವೆ.

ಕಂಪನಿಯವರು ವಿಯಾನದ ಮನೆಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಅವಳು ಎಲ್ಲಿದ್ದಾಳೆಂದು ನಾನೇ ಹೇಳಿದೆ. ನಾನು ಬರುವವರೆಗೆ ತಡೆಯಲು ಕೇಳಿಕೊಂಡಿದ್ದೇನೆ.

ನೀನೂ ಹೇಳಬೇಡ. ಶನಿವಾರ ನನ್ನ ಬಾಯಲ್ಲೇ ಹೇಳುತ್ತೇನೆ. ಅವನ ಕೊನೆ ನೋಡಿದವಳು ನಾನು. ಗುರುತಿಲ್ಲದ ಊರಿನಲ್ಲಿ ಎರಡು ದಿನ ಆ ಸುದ್ದಿ ಇಟ್ಟುಕೊಂಡು ಅವಳು ಏನು ಮಾಡಿಯಾಳು? ಊರು ನೋಡಿಕೊಂಡಿರಲಿ.

ಏನು ಬರೆಯುತ್ತಿದ್ದೇನೆಂದು ನನಗೆ ಗೊತ್ತು. ಆದರೂ ಹೇಳಬೇಡ.

ವೀಬ್ಕೆ

* * *

[ನದಿಯ ಬಾಯಲ್ಲಿ ಹಡಗು ಹತ್ತುವ ಪೈಲಟ್‌ನ ಕೈಯಲ್ಲಿ]
ಶುಲಾವ್, ಶುಕ್ರವಾರ ಸಂಜೆ, ೧೫ ಮೇ ೧೯೯೮

ವೀಬ್ಕೆ,

ಹೇಳಿದೆ. ನಿನ್ನ ಮಾತು ಮೀರಿದ್ದೇನೆ. ಹೇಗೆ ಮೀರಿದೆನೆಂದು ಕೇಳು.

ನಿನ್ನೆ ನಾಲ್ಕು ಗಂಟೆಗೆ ನಿನ್ನ ಕಾಗದ ಬಂತು. ಲುರ್ದೆಸ್ ಹೊರಗೆ ಬಿಸಿಲಿನಲ್ಲಿ ಕಾಫಿ ಕುಡಿಯುತ್ತ, ಪಕ್ಕದ ಮೇಜಿನವರಿಗೆ ಹಡಗಿನ ಅಡುಗೆಮನೆ ಎಷ್ಟು ಚಿಕ್ಕದೆಂದು ಕೈಯಲ್ಲಿ ಅಳೆದು ತೋರಿಸುತ್ತಿದ್ದಳು. ನಾನು ಕಾಗದ ಮಡಿಸಿ ಅಂಗಿಯ ಒಳಜೇಬಿಗೆ ಹಾಕಿದೆ. ನಮ್ಮ ಅಜ್ಜನ ಕಾಲದವರೆಲ್ಲ ಬಂದು ನನ್ನ ಹಿಂದೆ ನಿಂತು ‘ಮುಚ್ಚಿಡು, ಮುಚ್ಚಿಡು’ ಎಂದರು. ನೀನೂ ಅದನ್ನೇ ಹೇಳಿದ್ದೆ. ಸುಲಭವಾಯಿತು.

ಇವತ್ತು ಬೆಳಿಗ್ಗೆ ಗೋಪುರದ ಕೆಳಗೆ ನಿಂತು ಕಹಳೆ ಕೇಳಿದೆವು. ಪೂರ್ವಕ್ಕೆ ಊದಿದ, ದಕ್ಷಿಣಕ್ಕೆ ಊದಿದ. ಪಶ್ಚಿಮದ ಕಿಟಕಿಗೆ ಬಂದಾಗ ಲುರ್ದೆಸ್, “ಇದು ನಮ್ಮೋನಿಗೆ, ಈಗ ಆ ಕಡೆಯಿಂದ್ಲೇ ತಾನೇ ಬರ್ತಿರೋದು?” ಎಂದಳು. ನಾನು ಹೌದೆಂದೆ.

ಆಮೇಲೆ ಬಂದರು ಸುತ್ತುವ ದೋಣಿ. ಆ ದೋಣಿಯಲ್ಲಿ ಊರು ವರ್ಣಿಸುವವರನ್ನು ನಮ್ಮಲ್ಲಿ ಏನೆಂದು ಕರೆಯುತ್ತಾರೆಂದು ನಿನಗೆ ಗೊತ್ತಲ್ಲ. ದಕ್ಕೆಯ ಕೂಲಿಗಳು ಕಿರುಚುತ್ತಿದ್ದ ‘ಸುಳ್ಳು ಹೇಳ್ತಾನೆ’ ಎಂಬ ಮಾತೇ ಅವರ ಹೆಸರಾಗಿ ನಿಂತಿದೆ. ಇವತ್ತಿನವನು ಗಡ್ಡದವನು, ಒಳ್ಳೆಯ ವರಸೆಯಲ್ಲಿದ್ದ.

“ನೋಡಿ ಆ ಕ್ರೇನು, ಅದನ್ನ ನಮ್ಮತ್ತೆ ಒಬ್ಬಳೇ ಎತ್ತಿ ನಿಲ್ಲಿಸಿದ್ದು. ಈಗ್ಲೂ ನನ್ನ ಮೇಲೆ ಸಿಟ್ಟು ಬಂದಾಗ ಕಿತ್ತು ತರ್ತೀನಿ ಅಂತಾಳೆ.”

“ಸುಳ್ಳು ಹೇಳ್ತಾನೆ!” ಎಂದು ದೋಣಿಯಲ್ಲಿದ್ದವರೆಲ್ಲ ಕೂಗಿದರು. ಹಾಗೆ ಕೂಗಬೇಕೆಂದು ಅವನೇ ಮೊದಲು ಹೇಳಿಕೊಟ್ಟಿದ್ದ. ಲುರ್ದೆಸ್ ಎಲ್ಲರಿಗಿಂತ ಜೋರಾಗಿ ಕೂಗಿದಳು. ನನ್ನ ತೋಳು ತಿವಿದು, “ಯಜಮಾನ್ರೇ, ನೀವೂ ಕೂಗಿ,” ಎಂದಳು. ನಾನೂ ಕೂಗಿದೆ. ಒಳಜೇಬಿನಲ್ಲಿ ನಿನ್ನ ಕಾಗದ ಸರಕ್ಕೆಂದಿತು.

ದೋಣಿ ಇಳಿದ ಕಡೆ ಟೋಪಿಯ ಅಂಗಡಿ. ಪೈಲಟ್‌ಗಳು ಹಾಕುವ ನೀಲಿ ಟೋಪಿ ಅವನಿಗೆ ಬೇಕೆಂದಳು. ಒಂದನ್ನು ಆರಿಸಿ ನನ್ನ ತಲೆಯ ಮೇಲಿಟ್ಟು ಎರಡೂ ಕೈಯಿಂದ ಕಿವಿಯವರೆಗೆ ಎಳೆದಳು.

“ಅಲ್ಲಾಡಬೇಡಿ. ಅವನದೂ ನಿಮ್ಮ ಹಾಗೇ ಕುಂಬಳಕಾಯಿ ತಲೆ. ನಿಮಗೆ ಸರಿಹೋದ್ರೆ ಅವನಿಗೂ ಸರಿಹೋಗುತ್ತೆ.”

ಅಂಗಡಿಯವಳು ಕಟ್ಟಿ ಕೊಡಲೇ ಎಂದಳು. “ಬೇಡ, ಅಲ್ಲೀವರೆಗೂ ಇವರ ತಲೆ ಮೇಲೇ ಇರ್ಲಿ, ಬಿಸಿಲಲ್ಲಿ ಸ್ವಲ್ಪ ಪಳಗುತ್ತೆ,” ಎಂದಳು ಲುರ್ದೆಸ್.

ಆ ಟೋಪಿ ಹಾಕಿಕೊಂಡು ನಾನು ಸುರಂಗಕ್ಕೆ ಇಳಿದೆ. ನಡುವೆ, ನೆತ್ತಿಯ ಮೇಲೆ ಇಡೀ ನದಿ ಇರುವ ಜಾಗದಲ್ಲಿ, ಅವಳು ಗೋಡೆಯ ಹೆಂಚಿನ ಮೇಲಿನ ಮೀನುಗಳನ್ನು ಮುಟ್ಟಿ ನೋಡುತ್ತ ನಿಂತಳು. “ಈಗ ನಮ್ಮ ಮೇಲೆ ಹಡಗು ಹೋಗ್ತಿರುತ್ತಾ?” ಎಂದು ಕೇಳಿದಳು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ಟೋಪಿ ತೆಗೆದದ್ದನ್ನು ನೋಡಿಯೇ ಅವಳಿಗೆ ಅರ್ಧ ತಿಳಿಯಿತು. ಉಳಿದರ್ಧ ಹೇಳಿದೆ.

ಅಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೇಳಿದಳು, “ಯಾವಾಗ ಗೊತ್ತಾಯ್ತು?”

“ನಿನ್ನೆ ನಾಲ್ಕು ಗಂಟೆಗೆ.”

ಬೆರಳು ಮಡಿಚಿದಳು. “ಹಾಗಾದ್ರೆ ರಾತ್ರಿ ಊಟಕ್ಕೆ ಕೂತಾಗ ಗೊತ್ತಿತ್ತು.”

“ಗೊತ್ತಿತ್ತು.”

“ಕಹಳೆ ಊದೋವಾಗ ಗೊತ್ತಿತ್ತು. ದೋಣೀಲಿ ಗೊತ್ತಿತ್ತು.”

“ಹೂಂ.”

“ಅವನು ಸತ್ತು ಮಲಗಿದಾನೆ, ನನ್ನ ಕೈಲಿ ಕೂಗ್ಸಿದ್ರಿ. ನಗ್ಸಿದ್ರಿ. ಆ ನಗೂನ ನಾನೀಗ ಎಲ್ಲಿ ಇಡ್ಲಿ, ಹೇಳಿ ಯಜಮಾನ್ರೇ?”

ಸುರಂಗದಲ್ಲಿ ಮಾತು ಎರಡೆರಡು ಸಲ ಕೇಳಿಸುತ್ತದೆ. ಸೈಕಲ್ಲಿನವರು ನಿಂತು ನೋಡಿದರು. ಅವಳು ನನ್ನ ಎದೆಗೆ ಮುಷ್ಟಿಯಿಂದ ಒಂದು ಗುದ್ದಿದಳು, ಆಮೇಲೆ ಇನ್ನೊಂದು. ಟೋಪಿ ಕಿತ್ತುಕೊಂಡು ತನ್ನ ತಲೆಗೆ ಹಾಕಿಕೊಂಡಳು. ನದಿಯ ಅಡಿಯಲ್ಲಿ ಒಂದು ಗಂಟೆ ಕೂತಿದ್ದೆವು.

ಮಗಳೇ, ಹದಿನಾಲ್ಕು ತಿಂಗಳಿನಿಂದ ನೀನು ಬರೆಯದೆ ಹೇಳಿದ್ದು, ಆಮೇಲೆ ಬರೆದು ಹೇಳಿದ್ದು, ಎರಡೂ ನನ್ನ ತಲೆಗೆ ಹೋಗಿತ್ತು. ಒಳಗೆ ಇಳಿದದ್ದು ಆ ಎರಡು ಗುದ್ದಿನಿಂದ. ಸುದ್ದಿಯನ್ನು ತಡೆದಿಟ್ಟುಕೊಂಡೆ ಎಂದುಕೊಂಡಿದ್ದೆ. ನಾನು ತಡೆದದ್ದು ನಿನ್ನನ್ನು.

ಅವಳು ನಿನ್ನ ಕೋಣೆಯಲ್ಲಿ ಮಲಗಿದ್ದಾಳೆ. ನಾಳೆ ಕಂಬದ ಹತ್ತಿರ ಬರುತ್ತೇನೆ ಎಂದಿದ್ದಾಳೆ. ಬೈಯುವುದಿದ್ದರೆ ನನ್ನನ್ನು ಬೈಯಿ.

ಅಪ್ಪ

* * *

ವಿಯಾನ,
ಭಾನುವಾರ, ೨೪ ಮೇ ೧೯೯೮

ಅಪ್ಪ,

ಮೊನ್ನೆ ಅಮದೇವುನ ಮಣ್ಣಾಯಿತು. ನಾನು ಲುರ್ದೆಸ್ ಜೊತೆ ಇಲ್ಲೇ ಇದ್ದೇನೆ. ಹ್ಯಾಂಬರ್ಗ್ ದಕ್ಕೆಯಲ್ಲಿ ನೀನೂ ನಾನೂ ಒಂದು ಮಾತೂ ಆಡಲಿಲ್ಲ. ನೀನು ಅವಳ ಚೀಲ ಹಿಡಿದು ನಿಂತಿದ್ದೆ. ವಯಸ್ಸಾಗಿದೆ ನಿನಗೆ.

ಪೈಲಟ್ ಕಾಗದ ಕೊಟ್ಟಾಗ ಓದಿ ಸಿಟ್ಟು ಬಂತು. ಹರಿಯಲು ಹೋದೆ. ಅಷ್ಟರಲ್ಲಿ ನಿನ್ನ ಕಂಬ ಕಾಣಿಸಿತು. ಹಿಂತುದಿಗೆ ಓಡಿದೆ.

ನಮ್ಮದು ಲೈಬೀರಿಯಾದ ಬಾವುಟದ ಹಡಗು. ನೀನು ಹಾಕಿದ್ದು ಪೋರ್ಚುಗಲ್ಲಿನ ಗೀತೆ. ಕ್ಯಾಸೆಟ್ಟು ತಪ್ಪಿತೆಂದು ಮೇಲಟ್ಟದಲ್ಲಿ ಯಾರೋ ಅಂದರಂತೆ. ಕ್ಯಾಪ್ಟನ್ ಟೋಪಿ ತೆಗೆದನಂತೆ. ಕೇಕಿನ ತಟ್ಟೆ ಬಿಟ್ಟು ಎಲ್ಲರೂ ಎದ್ದು ನಿಂತದ್ದು ಕಾಣಿಸಿತು. ನೀಲಿ ಟೋಪಿಯೂ ಕಾಣಿಸಿತು. ನಮ್ಮ ಬಾವುಟ ಅರ್ಧಕ್ಕಿತ್ತು. ಅರ್ಧಕ್ಕಿರುವ ಬಾವುಟದಿಂದ ನಮಸ್ಕಾರ ಹೇಳಬೇಕಾದರೆ ಮೊದಲು ತುದಿಯವರೆಗೆ ಏರಿಸಿ ಆಮೇಲೆ ಇಳಿಸಬೇಕೆಂದು ಚಿಕ್ಕವಳಿದ್ದಾಗ ನೀನೇ ಹೇಳಿಕೊಟ್ಟಿದ್ದು. ಹಗ್ಗ ನಾನೇ ಎಳೆದೆ. ತುದಿ ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದೆ. ಅದು ಅಮ್ಮನಿಗೆ.

ನಿನ್ನೆ ಲುರ್ದೆಸ್ ಬಟ್ಟೆ ಒಗೆಯುತ್ತ ಅಂದಳು: “ನಿಮ್ಮಪ್ಪ ಒಂದು ದಿನ ತಡ ಮಾಡ್ದ, ಅದಕ್ಕೆ ಗುದ್ದಿದೀನಿ. ಆದ್ರೆ ನಿನ್ನ ಮಾತು ಕೇಳಿದ್ರೆ ಏನಾಗ್ತಿತ್ತು ಗೊತ್ತಾ? ಹೊಸ ಬ್ಲೌಸ್ ಹಾಕ್ಕೊಂಡು, ತುಟಿಗೆ ಬಣ್ಣ ಹಚ್ಕೊಂಡು, ದಕ್ಕೇಲಿ ಕೈ ಬೀಸ್ತಾ ನಿಂತಿರ್ತಿದ್ದೆ.”

ನಾನು ಅದನ್ನೇ ಮಾಡಲು ಹೊರಟಿದ್ದೆ. ನಿನ್ನ ಮಗಳೇ ನಾನು.

ಪೆಸಿಫಿಕ್ ಹಡಗಿಗೆ ಇನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳುತ್ತಿಲ್ಲ. ಜೂನ್ ನಾಲ್ಕು, ಗುರುವಾರ, ಮಧ್ಯಾಹ್ನದ ರೈಲಿಗೆ ಮನೆಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಆ ಮಂಗಳವಾರದಿಂದ ಶುಕ್ರವಾರದವರೆಗೆ ಆಸ್ಪತ್ರೆಯಲ್ಲಿ ಏನೇನಾಯಿತೆಂದು ಬರೆದು ಕಳಿಸು. ಎದುರಿಗೆ ಕೂತರೆ ನೀನು ಕತೆ ಕಟ್ಟುತ್ತೀ, ನಡುವೆ ನಗಿಸುತ್ತೀ. ಬರೆ. ಏನನ್ನೂ ಬಿಡಬೇಡ.

ವೀಬ್ಕೆ

* * *

ಶುಲಾವ್,
ಗುರುವಾರ, ೨೮ ಮೇ ೧೯೯೮

ವೀಬ್ಕೆ,

ಬರೆಯುತ್ತೇನೆ. ಏನನ್ನೂ ಬಿಡುವುದಿಲ್ಲ.

ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮಮ್ಮ ಅಡುಗೆಮನೆಯಲ್ಲಿ ಬಿದ್ದಳು. ಎಡಗೈ, ಎಡಗಾಲು ಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಆಸ್ಪತ್ರೆಯಲ್ಲಿ ಕಾದಿರಿ ಎಂದರು. ನಾನು ಕಾಯಲಿಲ್ಲ. ನಾಲ್ಕು ಗಂಟೆಗೆ ಅವಳನ್ನು ಬಿಟ್ಟು ಕಂಬದ ಹತ್ತಿರ ಬಂದೆ. ನಾನು ಕಾಣದಿದ್ದರೆ ನಿನಗೆ ಅನುಮಾನ ಬರುತ್ತಿತ್ತು. ನೀನು ಕುಣಿದೆ, ನಾನು ಟೋಪಿ ಬೀಸಿದೆ. ಮತ್ತೆ ಆಸ್ಪತ್ರೆಗೆ ಓಡಿದೆ.

ಸಂಜೆ ಅವಳಿಗೆ ಎಚ್ಚರವಾಯಿತು. ಸೊಟ್ಟ ಬಾಯಲ್ಲೇ ಕೇಳಿದಳು, “ಮಗೂಗೆ ಹೇಳಿದ್ಯಾ?”

“ಹೇಳಿದೆ ಗೇಸಾ,” ಎಂದೆ. “ಹಡಗಿಂದ ಇಳಿದಿದ್ದಾಳೆ. ಬರ್ತಿದ್ದಾಳೆ.”

ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದೆ. ನಾನು ಆಡಿದ ಸುಳ್ಳು ಒಂದಲ್ಲ, ಎರಡು, ನಿನಗೊಂದು, ಅವಳಿಗೊಂದು. ಎರಡನೆಯದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅವಳ ಹಾಸಿಗೆ ಕಿಟಕಿಯ ಕಡೆಗಿತ್ತು, ಕಿಟಕಿಯಿಂದ ನದಿ ಕಾಣಿಸುತ್ತಿತ್ತು. ಬೇಡ, ಬಾಗಿಲ ಕಡೆ ತಿರುಗಿಸಿ ಎಂದು ಸನ್ನೆ ಮಾಡಿದಳು. ನರ್ಸೂ ನಾನೂ ಸೇರಿ ಮಂಚ ತಿರುಗಿಸಿದೆವು. ಬುಧವಾರ, ಗುರುವಾರ, ಶುಕ್ರವಾರ, ಹೊರಗೆ ಹೆಜ್ಜೆ ಸಪ್ಪಳ ಕೇಳಿಸಿದಾಗಲೆಲ್ಲ ಬಲಗೈಯಿಂದ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ನನ್ನನ್ನು ಮತ್ತೆ ಏನೂ ಕೇಳಲಿಲ್ಲ. ಶುಕ್ರವಾರ ಸಂಜೆ ಕೈ ಏಳಲಿಲ್ಲ.

ಇಷ್ಟೇ ಆದದ್ದು.

ಇದನ್ನು ಓದಿದ ಮೇಲೆ ನೀನು ಬರದೆ ಇದ್ದರೆ ನಾನು ಮತ್ತೆ ಒಂದನೇ ಕಾಗದ, ಎರಡನೇ ಕಾಗದ ಎಂದು ಎಣಿಸುವುದಿಲ್ಲ. ನೀನು ಹೇಳಿದ ಗುರುವಾರ ಕಂಬದ ಕೆಲಸ ಬೇರೆಯವರಿಗೆ ಒಪ್ಪಿಸಿದ್ದೇನೆ. ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ತೆಗೆದು ಬಾಗಿಲಿಗೆ ಎದುರಾಗಿ ಹಾಕಿದ್ದೇನೆ. ಮಧ್ಯಾಹ್ನದಿಂದ ಅಲ್ಲೇ ಕೂತಿರುತ್ತೇನೆ.

ಅಪ್ಪ